ಕಮಾಂಡ್ ಲೈನಿನಿಂದ ಟೇಪ್ ಡ್ರೈವ್ ನಡೆಸುವ ಕ್ರಮ

ಹಾರ್ಡ್ ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ ಎಂಬ ಲೆಕ್ಕವನ್ನು ಫೈಲ್ ಸಿಸ್ಟಂ ಇಟ್ಟುಕೊಳ್ಳುತ್ತದೆ. ಟೇಪಿನಲ್ಲಿ ಆ ಲೆಕ್ಕವನ್ನು ನಾವೇ ಇಡಬೇಕು. ಹೆಡ್ ಈಗ ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಓದುವುದೂ ಬರೆಯುವುದೂ ನಡೆಯುತ್ತದೆ. ಟೇಪಿನ ನಡುವೆ ಏನನ್ನಾದರೂ ಬರೆದರೆ ಡ್ರೈವ್ ಆ ಬರವಣಿಗೆಯ ಕೊನೆಯನ್ನೇ ದತ್ತಾಂಶದ ಕೊನೆ ಎಂದು ಗುರುತಿಸುತ್ತದೆ, ಅದರಾಚೆ ಇದ್ದ ಹಳೆಯ ಬ್ಯಾಕಪ್‌ಗಳನ್ನು ಸಾಮಾನ್ಯ ಕಮಾಂಡುಗಳಿಂದ ಮತ್ತೆ ತಲುಪಲಾಗದು. ಆದ್ದರಿಂದ ಬರೆಯುವ ಮೊದಲು ಹೆಡ್ ಎಲ್ಲಿದೆ ಎಂದು ಕೇಳಿ ತಿಳಿಯುವುದು ಈ ಕೆಲಸದ ಮೊದಲ ಶಿಸ್ತು; ಉಳಿದದ್ದೆಲ್ಲ ಅದರ ನಂತರ.

ಇಲ್ಲಿನ ವಿವರಣೆ ಲಿನಕ್ಸ್ ಮತ್ತು ಬ್ಯಾಕಪ್ ಟೇಪಿನ ಪ್ರಚಲಿತ ಮಾದರಿಯಾದ ಎಲ್‌ಟಿಒ ಡ್ರೈವ್‌ಗಳಿಗೆ ಸಂಬಂಧಿಸಿದ್ದು. ಕಮಾಂಡುಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ ಅವನ್ನು ರೋಮನ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಮುಖ್ಯ ಸಾಧನ ‘ಎಂಟಿ’ ಎಂಬ ಎರಡಕ್ಷರದ ಕಮಾಂಡ್. ಇದರ ಎರಡು ರೂಪಗಳಿವೆ: ಒಂದು ಕಡತಗಳನ್ನು ಕಟ್ಟಿಡುವ ಗ್ನೂ ಸಿಪಿಐಒ ಪ್ರೋಗ್ರಾಂ ಜೊತೆ ಬರುತ್ತದೆ, ಇನ್ನೊಂದು ‘ಎಂಟಿ-ಎಸ್‌ಟಿ’ ಎಂಬ ಪ್ಯಾಕೇಜು. ಎರಡನೆಯದನ್ನೇ ಹಾಕಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ಲಿನಕ್ಸಿನ ಟೇಪ್ ಡ್ರೈವರಿಗೆಂದೇ ಬರೆದದ್ದು.

ಒಂದೇ ಡ್ರೈವ್ ಎರಡು ಹೆಸರುಗಳಲ್ಲಿ ಕಾಣಿಸುತ್ತದೆ. ‘/ಡೆವ್/ಎಸ್‌ಟಿ0’ ಬಳಸಿದರೆ ಕೆಲಸ ಮುಗಿದ ಕೂಡಲೇ ಟೇಪ್ ತಾನಾಗಿ ಆರಂಭಕ್ಕೆ ಸುತ್ತಿಕೊಳ್ಳುತ್ತದೆ. ‘/ಡೆವ್/ಎನ್‌ಎಸ್‌ಟಿ0’ ಬಳಸಿದರೆ ನಿಂತಲ್ಲೇ ನಿಲ್ಲುತ್ತದೆ. ಮೊದಲ ಹೆಸರಿನಿಂದ ಒಂದರ ಹಿಂದೆ ಒಂದು ಎರಡು ಬ್ಯಾಕಪ್ ಬರೆದರೆ ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ, ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಇದಕ್ಕಾಗಿ ಯಾವಾಗಲೂ ಎರಡನೆಯ ಹೆಸರನ್ನೇ ರೂಢಿ ಮಾಡಿಕೊಳ್ಳಿ.

ಟೇಪ್ ಹಾಕಿದ ಮೇಲೆ ‘ಎಂಟಿ -ಎಫ್ /ಡೆವ್/ಎನ್‌ಎಸ್‌ಟಿ0 ಸ್ಟೇಟಸ್’ ಎಂದು ಕೇಳಿ. ಉತ್ತರದಲ್ಲಿ ಫೈಲ್ ಸಂಖ್ಯೆ ಮತ್ತು ಬ್ಲಾಕ್ ಸಂಖ್ಯೆ ಮುಖ್ಯ; ಇಲ್ಲಿ ಫೈಲ್ ಎಂದರೆ ಟೇಪಿನಲ್ಲಿನ ಒಂದು ಬ್ಯಾಕಪ್, ಬ್ಲಾಕ್ ಎಂದರೆ ಒಮ್ಮೆಗೆ ಬರೆಯುವ ದತ್ತಾಂಶದ ತುಂಡು. ಫೈಲುಗಳ ಎಣಿಕೆ 0ಯಿಂದ ಶುರುವಾಗುತ್ತದೆ, -1 ಎಂದು ಬಂದರೆ ಸ್ಥಾನ ಡ್ರೈವರಿಗೆ ಗೊತ್ತಿಲ್ಲ ಎಂದರ್ಥ, ಆಗ ‘ರಿವೈಂಡ್’ ಕೊಟ್ಟು ಆರಂಭದಿಂದ ಎಣಿಸುವುದೇ ಕ್ಷೇಮ. ಕೊನೆಯ ಸಾಲಿನಲ್ಲಿ ‘ಬಿಒಟಿ’ ಇದ್ದರೆ ಟೇಪ್ ಆರಂಭದಲ್ಲಿದೆ, ‘ಇಒಡಿ’ ಇದ್ದರೆ ದತ್ತಾಂಶದ ಕೊನೆಯಲ್ಲಿದೆ, ‘ಡಬ್ಲ್ಯೂಆರ್_ಪ್ರಾಟ್’ ಇದ್ದರೆ ಕಾರ್ಟ್ರಿಜ್ಜಿನ (ಟೇಪ್ ಇರುವ ಡಬ್ಬಿಯ) ಬರವಣಿಗೆ ತಡೆಯುವ ಗುಂಡಿ ಸರಿದಿದೆ. ಎಲ್‌ಟಿಒ-9ರ ಹೊಸ ಕಾರ್ಟ್ರಿಜ್ಜು ಮೊದಲ ಬಾರಿ ಒಳಹೋದಾಗ ತನ್ನನ್ನು ಹೊಂದಿಸಿಕೊಳ್ಳಲು ಎರಡು ಗಂಟೆಯವರೆಗೂ ತೆಗೆದುಕೊಳ್ಳಬಹುದು. ಡ್ರೈವ್ ಕೆಟ್ಟಿತೆಂದು ನಡುವೆ ನಿಲ್ಲಿಸಬೇಡಿ.

ಬರೆಯುವ ಮೊದಲು ‘ಸೆಟ್‌ಬ್ಲಾಕ್’ ಎಂಬ ಅರ್ಥದ ‘ಸೆಟ್‌ಬಿಎಲ್‌ಕೆ 0’ ಕೊಟ್ಟರೆ ಬ್ಲಾಕಿನ ಅಳತೆಯನ್ನು ಬರೆಯುವ ಪ್ರೋಗ್ರಾಂ ನಿರ್ಧರಿಸುತ್ತದೆ. ಕಡತಗಳನ್ನು ಒಟ್ಟುಗೂಡಿಸಿ ಟೇಪಿಗೆ ಬರೆಯುವ ‘ಟಾರ್’ ಪ್ರೋಗ್ರಾಂ ತಾನಾಗಿ 10 ಕಿಲೊಬೈಟ್ ಬ್ಲಾಕುಗಳಲ್ಲಿ ಬರೆಯುತ್ತದೆ, ಇಂದಿನ ಡ್ರೈವ್‌ಗಳಿಗೆ ಅದು ತೀರ ಸಣ್ಣದು. ‘-ಬಿ 512’ ಸೇರಿಸಿದರೆ 256 ಕಿಲೊಬೈಟ್ ಆಗುತ್ತದೆ. ಓದುವಾಗಲೂ ಇದೇ ಅಳತೆ ಹೇಳಬೇಕು. ಟೇಪಿನಲ್ಲಿರುವ ಬ್ಲಾಕಿಗಿಂತ ಕಡಿಮೆ ಹೇಳಿದರೆ ಮೆಮೊರಿ ಸಾಲದು ಎಂಬ ದೋಷ ಬರುತ್ತದೆ, ಅದನ್ನು ನಂಬಿ ಯಂತ್ರದ ಮೆಮೊರಿಯನ್ನು ಹುಡುಕುತ್ತ ಹೊತ್ತು ಕಳೆಯುವವರು ಅನೇಕ. ಬರೆದು ಮುಗಿದಾಗ ಡ್ರೈವರ್ ತಾನೇ ಒಂದು ಫೈಲ್ ಮಾರ್ಕ್ ಹಾಕುತ್ತದೆ. ಒಂದು ಬ್ಯಾಕಪ್ಪನ್ನು ಮುಂದಿನದರಿಂದ ಬೇರ್ಪಡಿಸುವ ಗಡಿಕಲ್ಲು ಅದೇ.

ಹಳೆಯ ಬ್ಯಾಕಪ್‌ಗಳ ನಂತರ ಹೊಸದನ್ನು ಸೇರಿಸಲು ‘ಇಒಡಿ’ ಕಮಾಂಡ್ ಕೊಟ್ಟು, ಸ್ಟೇಟಸ್ ಮತ್ತೊಮ್ಮೆ ನೋಡಿ, ಆಮೇಲೆ ಬರೆಯಿರಿ. ಮೂರನೆಯ ಬ್ಯಾಕಪ್ ಓದಬೇಕಿದ್ದರೆ ರಿವೈಂಡ್ ಮಾಡಿ, ಎರಡು ಫೈಲ್ ಮಾರ್ಕ್ ಮುಂದಕ್ಕೆ ದಾಟಿಸುವ ‘ಎಫ್‌ಎಸ್‌ಎಫ್ 2’ ಎಂದರೆ ಸಾಕು; ‘ಎಎಸ್‌ಎಫ್ 2’ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಹಿಂದಕ್ಕೆ ಹೋಗುವಾಗ ಮಾತ್ರ ಎಚ್ಚರ ಬೇಕು. ‘ಬಿಎಸ್‌ಎಫ್ 1’ ಫೈಲ್ ಮಾರ್ಕನ್ನು ಹಿಂದಕ್ಕೆ ದಾಟಿ ಅದರ ಹಿಂಬದಿಯಲ್ಲಿ, ಅಂದರೆ ಹಿಂದಿನ ಫೈಲಿನ ಕೊನೆಯಲ್ಲಿ ನಿಲ್ಲುತ್ತದೆಯೇ ಹೊರತು ಫೈಲಿನ ಆರಂಭಕ್ಕೆ ಬರುವುದಿಲ್ಲ. ಆರಂಭ ಬೇಕಿದ್ದರೆ ‘ಬಿಎಸ್‌ಎಫ್‌ಎಂ’ ಇದೆ, ಆದರೆ ಎಣಿಕೆಯ ಗೊಂದಲವೇ ಇಲ್ಲದ ‘ಎಎಸ್‌ಎಫ್’ ನನಗೆ ಹೆಚ್ಚು ವಿಶ್ವಾಸಾರ್ಹವೆನಿಸುತ್ತದೆ.

ವೇಗದ ವಿಷಯವನ್ನು ಹಲವರು ಕಡೆಗಣಿಸುತ್ತಾರೆ. ಎಲ್‌ಟಿಒ-8 ಡ್ರೈವ್ ಸೆಕೆಂಡಿಗೆ 300 ಮೆಗಾಬೈಟಿಗೂ ಮೇಲ್ಪಟ್ಟು ಬರೆಯಬಲ್ಲದು. ಸಣ್ಣ ಕಡತಗಳಿಂದ ತುಂಬಿದ ಡಿಸ್ಕ್ ಅಷ್ಟು ವೇಗವಾಗಿ ದತ್ತಾಂಶ ಒದಗಿಸದು. ಡ್ರೈವ್ ತನ್ನ ವೇಗವನ್ನು ಒಂದು ಮಿತಿಯವರೆಗೆ ತಗ್ಗಿಸಿಕೊಳ್ಳುತ್ತದೆ, ಅದಕ್ಕೂ ಕೆಳಗಿಳಿದರೆ ಟೇಪನ್ನು ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಓಡಿಸುತ್ತದೆ. ಇದರಿಂದ ಸಮಯ ಹಾಳಾಗುವುದಲ್ಲದೆ ಟೇಪೂ ಹೆಡ್ಡೂ ಸವೆಯುತ್ತವೆ. ಟಾರ್ ಮತ್ತು ಡ್ರೈವಿನ ನಡುವೆ, ದತ್ತಾಂಶವನ್ನು ಮೆಮೊರಿಯಲ್ಲಿ ತುಂಬಿಸಿಟ್ಟುಕೊಳ್ಳುವ ‘ಎಂಬಫರ್’ ಪ್ರೋಗ್ರಾಂ ಇಟ್ಟು, ‘-ಎಂ 4ಜಿ -ಪಿ 80 -ಎಸ್ 256ಕೆ’ ಎಂದು ಹೇಳಿದರೆ, ಇಲ್ಲಿನ ‘ಪಿ’ ಮಾತ್ರ ದೊಡ್ಡಕ್ಷರ, 4 ಗಿಗಾಬೈಟ್ ಮೆಮೊರಿಯ ಶೇ. 80 ತುಂಬಿದ ಮೇಲೆಯೇ ಟೇಪಿಗೆ ಹರಿವು ಶುರುವಾಗುತ್ತದೆ. ಸಾಮರ್ಥ್ಯದ ಲೆಕ್ಕದಲ್ಲೂ ಹುಷಾರಾಗಿರಿ: ಎಲ್‌ಟಿಒ-8ರ ಪೆಟ್ಟಿಗೆಯ ಮೇಲಿನ 30 ಟೆರಾಬೈಟ್ ಎಂಬುದು 2.5 ಪಟ್ಟು ಕುಗ್ಗುವ ದತ್ತಾಂಶಕ್ಕೆ ಹೇಳಿದ್ದು, ಮೊದಲೇ ಕುಗ್ಗಿಸಿದ ವಿಡಿಯೊ ಮತ್ತು ಚಿತ್ರಗಳಿಗೆ ಸಿಗುವುದು 12 ಟೆರಾಬೈಟ್ ಮಾತ್ರ.

ಕೊನೆಯಲ್ಲಿ ಈಗಷ್ಟೇ ಬರೆದ ಫೈಲಿನ ಆರಂಭಕ್ಕೆ ಮರಳಿ, ‘ಟಾರ್ -ಟಿ’ ಕೊಟ್ಟು ಪಟ್ಟಿಯನ್ನು ಪೂರ್ತಿ ಓದಿಸಿ, ಅದನ್ನು ಫೈಲ್ ಸಂಖ್ಯೆಯೊಡನೆ ಬೇರೆ ಡಿಸ್ಕಿನಲ್ಲಿ ಉಳಿಸಿ. ಕಾರ್ಟ್ರಿಜ್ಜಿನ ಚೀಟಿಯ ಮೇಲೆ ಬ್ಲಾಕಿನ ಅಳತೆಯನ್ನೂ ಬರೆಯಿರಿ. ‘ಆಫ್‌ಲೈನ್’ ಎಂದರೆ ಟೇಪ್ ಸುತ್ತಿಕೊಂಡು ಹೊರಬರುತ್ತದೆ. ಹಲವು ಕಾರ್ಟ್ರಿಜ್ಜುಗಳನ್ನು ತಾನೇ ಬದಲಿಸುವ ಲೈಬ್ರರಿ ಯಂತ್ರವಾದರೆ ‘ಎಂಟಿಎಕ್ಸ್’ ಬೇಕು: ‘ಲೋಡ್ 3 0’ ಮೂರನೆಯ ಗೂಡಿನ ಟೇಪನ್ನು ಮೊದಲ ಡ್ರೈವಿಗೆ ಹಾಕುತ್ತದೆ, ‘ಅನ್‌ಲೋಡ್ 3 0’ ಅದನ್ನು ಅಲ್ಲಿಗೇ ಮರಳಿಸುತ್ತದೆ. ಕೆಲವು ಲೈಬ್ರರಿಗಳು ಆಫ್‌ಲೈನ್ ಕೊಡದೆ ಟೇಪನ್ನು ಡ್ರೈವಿನಿಂದ ಬಿಡಿಸಿಕೊಳ್ಳುವುದಿಲ್ಲ.