ತೋಡಿನ ಬದಿಗೆ ಕಾಲುದಾರಿ: ಕೊಡಗಿನ ಮಳೆಗೆ ನಿಲ್ಲುವಂತೆ ಮಾಡುವುದು ಹೇಗೆ

ಕೊಲ್ಲಿಯಲ್ಲಿ ಹುಟ್ಟಿ, ಕಾಫಿ ತೋಟದ ನಡುವೆ ಇಳಿದು, ಗದ್ದೆಯ ಅಂಚು ಹಿಡಿದು ಹೊಳೆ ಸೇರುವ ತೋಡು ಕೊಡಗಿನ ಊರೂರಿಗೂ ಇದೆ. ಅದರ ಪಕ್ಕ ಮಕ್ಕಳು, ಹಿರಿಯರು, ಬಂದ ನೆಂಟರು ನಡೆದಾಡಲು ಒಂದು ದಾರಿ, ಕೂರಲು ಒಂದಿಷ್ಟು ಜಾಗ ಮಾಡಬೇಕೆಂದು ಪಂಚಾಯಿತಿಯವರೋ ತೋಟದವರೋ ಹೊರಟರೆ ಅದು ಒಳ್ಳೆಯ ಕೆಲಸ. ಆದರೆ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಅರ್ಧ ದಿನದಲ್ಲಿ ಕೆರೆದ ದಾರಿ ಜುಲೈ ಹೊತ್ತಿಗೆ ಇನ್ನೊಂದು ತೋಡಾಗಿರುತ್ತದೆ. ಕಾಲುದಾರಿಯನ್ನು ಹಾಳು ಮಾಡುವುದು ಅದರ ಮೇಲೆ ಹರಿಯುವ ನೀರು. ಆ ನೀರಿಗೆ ಮೊದಲು ದಾರಿ ಮಾಡಿಕೊಟ್ಟರೆ ನಮ್ಮ ದಾರಿ ಉಳಿಯುತ್ತದೆ.

ಜಾಗ ಯಾರದು

ಗುದ್ದಲಿ ಹಿಡಿಯುವ ಮೊದಲು ಗ್ರಾಮ ನಕ್ಷೆ ಮತ್ತು ಸರ್ವೆ ಸ್ಕೆಚ್ ತರಿಸಿ. ಹಳ್ಳ, ತೋಡು, ಹಳೆಯ ಕಾಲುದಾರಿಗಳು ಸಾಮಾನ್ಯವಾಗಿ ಬಿ ಖರಾಬು ಎಂದು ದಾಖಲಾಗಿರುತ್ತವೆ. ಅದು ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಉಳಿದದ್ದು ಯಾರದೋ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಅಥವಾ ಬಾಣೆ (ಗದ್ದೆಗೆ ಸೇರಿದ ಮೇಲಿನ ಜಾಗ), ಇಲ್ಲವೇ ಸರ್ಕಾರದ ಪೈಸಾರಿ ಆಗಿರಬಹುದು. ಖಾಸಗಿ ಜಾಗವಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಕಾಫಿ ಕೊಯ್ಲಿನ ದಿನಗಳಲ್ಲಿ ದಾರಿ ಮುಚ್ಚುವುದೋ ಇಲ್ಲವೋ ಎಂಬುದನ್ನೂ ಅದರಲ್ಲೇ ಬರೆಸಿಕೊಳ್ಳಿ. ಮುಂದೆ ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.

ಅರಣ್ಯದ ಗಡಿ ದಾಟುವಂತಿದ್ದರೆ ಇಲಾಖೆಯ ಅನುಮತಿ ಇಲ್ಲದೆ ಒಂದು ಗಿಡವನ್ನೂ ಸವರಬೇಡಿ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಧಾಮಗಳ ಅಂಚಿನ ಊರುಗಳಲ್ಲಿ ತೋಡಿನ ಮೇಲ್ಭಾಗ ಅರಣ್ಯದಲ್ಲಿ, ಕೆಳಭಾಗ ತೋಟದಲ್ಲಿ ಇರುವುದು ಸಾಮಾನ್ಯ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಅನೇಕ ತೋಡುಗಳ ನೀರು ಅಲ್ಲಿಂದಲೇ ಬರುತ್ತದೆ. ಅಂಥ ಕಡೆ ದೇವಸ್ಥಾನದ ಮುಖ್ಯಸ್ಥರಾದ ದೇವತಕ್ಕರನ್ನೂ ಊರ ಹಿರಿಯರನ್ನೂ ಕೇಳಿ. ಅವರು ಬೇಡವೆಂದರೆ ದಾರಿಯನ್ನು ಹೊರಗಿನಿಂದ ಸುತ್ತಿಸಿ.

ನೋಡುವುದು ಮಳೆಯಲ್ಲಿ, ಅಗೆಯುವುದು ತುಲಾ ಸಂಕ್ರಮಣದ ನಂತರ

ಜಾಗ ನೋಡಲು ಜುಲೈ ಒಳ್ಳೆಯ ತಿಂಗಳು. ಎಲ್ಲಿ ಜಲ ಒಡೆಯುತ್ತದೆ (ನೆಲದಿಂದ ನೀರು ಉಕ್ಕುತ್ತದೆ), ಎಲ್ಲಿ ಕಾಲು ಹೂಳುತ್ತದೆ, ತೋಡು ಉಕ್ಕಿದಾಗ ಎಲ್ಲಿಯವರೆಗೆ ಏರುತ್ತದೆ ಎಂಬುದು ಆಗ ಮಾತ್ರ ಕಾಣುತ್ತದೆ. ಗಟ್ಟಿ ಮಳೆ ನಿಂತ ಮರುದಿನ ಹೋಗಿ. ನೀರು ಉಕ್ಕುತ್ತಿರುವಾಗ ಹೋಗಬೇಡಿ. ಪೊದೆಗಳಿಗೆ ಸಿಕ್ಕಿಕೊಂಡ ಹುಲ್ಲು, ಕಡ್ಡಿ, ಪ್ಲಾಸ್ಟಿಕ್ಕಿನ ಎತ್ತರವೇ ನೆರೆಯ ಗುರುತು. ಆ ಎತ್ತರಕ್ಕೆ ಮರಗಳಿಗೆ ಬಣ್ಣದ ಪಟ್ಟಿ ಕಟ್ಟಿಬಿಡಿ. ನಾಲ್ಕು ತಿಂಗಳ ನಂತರ ನೆನಪಿನಿಂದ ಅದನ್ನು ಹೇಳಲಾಗುವುದಿಲ್ಲ.

ಅಗೆತಕ್ಕೆ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದಿಂದ, ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಬರುವ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯವರೆಗಿನ ದಿನಗಳು ಸರಿ. ಮಣ್ಣಿನಲ್ಲಿ ಹಸಿ ಇರುತ್ತದೆ, ಗುದ್ದಲಿ ಇಳಿಯುತ್ತದೆ, ಹಾಕಿದ ಮಣ್ಣು ಕೂರುತ್ತದೆ. ಆಮೇಲೆ ಕಾಫಿ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ. ಕಲ್ಲಿನ ಕೆಲಸ, ಸಂಕದ (ಕಾಲುಸೇತುವೆಯ) ಕೆಲಸ ಮಾತ್ರ ನೀರು ತಗ್ಗಿದ ಮಾರ್ಚ್, ಏಪ್ರಿಲ್‌ಗೆ ಇಟ್ಟುಕೊಳ್ಳಿ. ಜೂನ್ ಬಂದ ಮೇಲೆ ತೋಡಿನೊಳಗೆ ಕೈಹಾಕಬೇಡಿ. ಮೊದಲ ಮಳೆಗೆ ಮೀನು ಮೊಟ್ಟೆಯಿಡಲು ತೋಡು ಹತ್ತಿ ಗದ್ದೆಗೆ ಬರುವ ಕಾಲ ಅದು.

ದಾರಿ ಎಲ್ಲಿ ಹಾಯಬೇಕು

ನೀರಿನ ಅಂಚಿಗೇ ದಾರಿ ಬೇಕೆಂದು ಎಲ್ಲರಿಗೂ ಆಸೆ. ಹಾಗೆ ಮಾಡಬೇಡಿ. ದಡದಿಂದ ಕನಿಷ್ಠ 15-20 ಅಡಿ ದೂರ, ನೆರೆಯ ಗುರುತಿನಿಂದ ಮೇಲೆ ದಾರಿ ಇರಲಿ. ನೀರಿನ ಹತ್ತಿರ ಇಳಿಯಲು ಬಂಡೆಯಿರುವ ಎರಡು ಮೂರು ಕಡೆ ಮಾತ್ರ ಕವಲು ಕೊಡಿ. ತೋಡು ತಿರುಗುವಲ್ಲಿ ಹೊರಬದಿಯ ದಡವನ್ನು ನೀರು ಕೊರೆಯುತ್ತಲೇ ಇರುತ್ತದೆ, ಒಳಬದಿಯಲ್ಲಿ ಮರಳು ಬಿಡುತ್ತದೆ. ಹೊರಬದಿಯಲ್ಲಿ ದಾರಿ ಇದ್ದರೆ ಇಂದಲ್ಲ ನಾಳೆ ಅದು ತೋಡಿಗೆ ಹೋಗುತ್ತದೆ.

ಅಗಲ 3 ಅಡಿ ಸಾಕು. ಅಗಲ ಹೆಚ್ಚಾದಷ್ಟೂ ಬರೆ (ದಾರಿಯ ಮೇಲ್ಬದಿಯ ಮಣ್ಣಿನ ಗೋಡೆ) ಹೆಚ್ಚು ಕಡಿಯಬೇಕು, ಹೆಚ್ಚು ನೀರು ಹಿಡಿಯುತ್ತದೆ. ಏರು 10 ಅಡಿಗೆ 1 ಅಡಿ ಮೀರದಿರಲಿ. ಇದನ್ನು ಕಣ್ಣಳತೆಯಲ್ಲಿ ಹೇಳಲಾಗದು. ಗಾರೆ ಕೆಲಸದವರ ಹತ್ತಿರ ಇರುವ ಲೆವೆಲ್ ಪೈಪಿನಲ್ಲಿ ನೀರು ತುಂಬಿಸಿ, 20 ಅಡಿ ದೂರದಲ್ಲಿ ಇಬ್ಬರು ಕೋಲು ಹಿಡಿದು ನಿಂತು, ಎರಡೂ ಕಡೆಯ ನೀರಿನ ಮಟ್ಟ ನೆಲದಿಂದ ಎಷ್ಟು ಎತ್ತರವಿದೆ ಎಂದು ಅಳೆಯಿರಿ. ವ್ಯತ್ಯಾಸ 2 ಅಡಿಯೊಳಗಿದ್ದರೆ ಗೂಟ ಹೊಡೆಯಿರಿ. ಇನ್ನೊಂದು ಲೆಕ್ಕವೂ ಇದೆ: ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಕಡಿಮೆ ಇರಬೇಕು. ಗುಡ್ಡವೇ 10 ಅಡಿಗೆ 1 ಅಡಿ ಇಳಿಯುವ ಮೆತ್ತನೆಯ ಜಾಗದಲ್ಲಿ ದಾರಿಯ ಏರು 10 ಅಡಿಗೆ ಅರ್ಧ ಅಡಿ ದಾಟಿದರೆ, ಮಳೆ ನೀರಿಗೆ ಅಡ್ಡ ಹಾಯ್ದು ಹೋಗುವುದಕ್ಕಿಂತ ದಾರಿ ಹಿಡಿದು ಇಳಿಯುವುದೇ ಸುಲಭವಾಗುತ್ತದೆ.

ಇಳಿಜಾರಿನಲ್ಲಿ ದಾರಿಯ ಪೂರ್ತಿ ಅಗಲವನ್ನೂ ಗಟ್ಟಿ ನೆಲದಲ್ಲೇ ಕಡಿಯಿರಿ. ಅರ್ಧ ಕಡಿದು, ಆ ಮಣ್ಣನ್ನೇ ಕೆಳಬದಿಗೆ ಸುರಿದು ಅಗಲ ಮಾಡುವ ಅಭ್ಯಾಸ ಬಹಳ ಕಡೆ ಇದೆ. ಸುರಿದ ಮಣ್ಣು ಬೇಸಿಗೆಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ, ನೀರು ಕುಡಿದಾಗ ಜಾರಿ ತೋಡಿಗೆ ಬೀಳುತ್ತದೆ. ಅಗೆದ ಮಣ್ಣನ್ನು ಮಂಕರಿಯಲ್ಲಿ ಹೊತ್ತು ಕಾಫಿ ಗಿಡದ ಬುಡಕ್ಕೆ ಹಾಕಿ, ತೋಡಿನ ಕಡೆ ತಳ್ಳಬೇಡಿ. ಮೇಲ್ಬದಿಯ ಬರೆಯನ್ನು ನೆಟ್ಟಗೆ ಕಡಿಯದೆ ಓರೆಯಾಗಿ ಸವರಿ ಬಿಡಿ. ಬರೆ 3 ಅಡಿಗಿಂತ ಎತ್ತರ ಕಡಿಯಬೇಕಾಗಿ ಬಂದರೆ ಆ ಜಾಗ ದಾರಿಗೆ ತಕ್ಕುದಲ್ಲ, ಗೂಟ ಬದಲಿಸಿ.

ನೀರು ಬಿಡುವ ಓರೆ ಮತ್ತು ತಗ್ಗು

ದಾರಿಯ ಮೈ ತೋಡಿನ ಕಡೆಗೆ ಸ್ವಲ್ಪ ವಾಲಿರಬೇಕು: 3 ಅಡಿ ಅಗಲಕ್ಕೆ ಸುಮಾರು 2 ಇಂಚು. ನಡೆಯುವವರಿಗೆ ಅದು ಗೊತ್ತಾಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಓರೆ ಬಂದಿದೆಯೇ ಎಂದು ನೋಡಲು ಒಂದು ಬಕೆಟ್ ನೀರನ್ನು ಮೇಲ್ಬದಿಯಲ್ಲಿ ಸುರಿಯಿರಿ. ಅಡ್ಡ ಹಾಯ್ದು ಕೆಳಗಿಳಿದರೆ ಸರಿ. ದಾರಿಯ ಮೇಲೇ ನಾಲ್ಕಾರು ಹೆಜ್ಜೆ ಓಡಿದರೆ ಅಲ್ಲಿ ಮತ್ತೆ ಕೆರೆಯಬೇಕು.

ಆದರೆ ಈ ಓರೆಯೊಂದೇ ಸಾಲದು. ಓಡಾಡಿದಂತೆ ದಾರಿಯ ನಡು ತಗ್ಗಾಗುತ್ತದೆ, ಅಂಚಿನಲ್ಲಿ ಮಣ್ಣು ಮತ್ತು ತರಗೆಲೆ ಸೇರಿ ಸಣ್ಣ ಬದು ಕಟ್ಟುತ್ತದೆ. ಒಂದೆರಡು ವರ್ಷದಲ್ಲಿ 2 ಇಂಚಿನ ವಾಲು ಎಲ್ಲಿತ್ತೆಂದೇ ತಿಳಿಯುವುದಿಲ್ಲ. ಅದಕ್ಕೇ ಅಲ್ಲಲ್ಲಿ ದಾರಿಯನ್ನೇ ಇಳಿಸಿ ಏರಿಸಬೇಕು. ಇಳಿಯುತ್ತಾ ಬಂದ ದಾರಿ 10-12 ಅಡಿ ಉದ್ದದಲ್ಲಿ ನಿಧಾನವಾಗಿ ತಗ್ಗಿ, ಮತ್ತೆ ಅರ್ಧ ಅಡಿಯಷ್ಟು ಏರಿ, ಆಮೇಲೆ ಇಳಿಯಲಿ. ಆ ತಗ್ಗಿಗೆ ಬಂದ ನೀರು ಮುಂದಿನ ಏರನ್ನು ಹತ್ತಲಾರದೆ ಪಕ್ಕಕ್ಕೆ ಹೋಗಲೇಬೇಕು. ತಗ್ಗಿನ ಬಾಯಿ 3 ಅಡಿ ಅಗಲವಿರಲಿ. ಚಿಕ್ಕದಾದರೆ ಸಿಲ್ವರ್ ಮರದ ಎಲೆ ಒಂದೇ ವಾರದಲ್ಲಿ ಅದನ್ನು ಮುಚ್ಚುತ್ತದೆ. ನೀರು ಬೀಳುವಲ್ಲಿ ಮುಷ್ಟಿ ಗಾತ್ರದಿಂದ ತಲೆ ಗಾತ್ರದವರೆಗಿನ ಕಲ್ಲುಗಳನ್ನು ಹಾಸಿ, ಇಲ್ಲದಿದ್ದರೆ ಅಲ್ಲಿಂದಲೇ ಕೊರೆತ ಶುರುವಾಗಿ ಮೇಲಕ್ಕೆ ಬರುತ್ತದೆ. ಏರು ಹೆಚ್ಚಿರುವ ಕಡೆ 30-50 ಅಡಿಗೊಂದು, ಸಮವಿರುವ ಕಡೆ 100 ಅಡಿಗೊಂದು ತಗ್ಗು ಬೇಕು. ತಗ್ಗಿನ ನೀರು ನೇರವಾಗಿ ತೋಡಿಗೆ ಬೀಳದೆ ಗಿಡಗಂಟಿಯ ನಡುವೆ ಹರಡಿ ಇಳಿಯುವ ಜಾಗ ನೋಡಿ, ಕೆಸರು ಅಲ್ಲೇ ನಿಲ್ಲುತ್ತದೆ.

ಹೀಗೆ ತಗ್ಗು ಮಾಡಲು ಜಾಗವಿಲ್ಲದ ಕಡಿದಾದ ಹಳೆಯ ದಾರಿಯಾದರೆ ಅಡ್ಡಕ್ಕೆ ಕಲ್ಲು ಹೂಳಬಹುದು. ದಾರಿಗೆ ನೇರ ಅಡ್ಡವಾಗಿ ಇಟ್ಟರೆ ಹಿಂದೆ ಮಣ್ಣು ತುಂಬಿ ನೀರು ಮೇಲಿಂದ ಹಾರುತ್ತದೆ. 30ರಿಂದ 45 ಡಿಗ್ರಿ ಓರೆಯಲ್ಲಿಡಿ. ಮೇಲ್ಬದಿಯ ತುದಿ ಬರೆಯೊಳಗೆ ಒಂದು ಅಡಿ ಹೋಗಿರಲಿ, ಕಲ್ಲಿನ ಮೂರನೇ ಎರಡು ಪಾಲು ನೆಲದೊಳಗಿರಲಿ. ಮರದ ದಿಮ್ಮಿಯೂ ಆದೀತು, ಆದರೆ ಇಲ್ಲಿನ ತೇವಕ್ಕೆ ಎರಡು ಮೂರು ಮಳೆಗಾಲದಲ್ಲಿ ಗೆದ್ದಲು ಹಿಡಿದು ಕೊಳೆಯುತ್ತದೆ.

ದಾರಿಗೆ ಕಾಂಕ್ರೀಟ್ ಹಾಕಿಬಿಡೋಣ ಎನ್ನುವವರು ಇದ್ದೇ ಇರುತ್ತಾರೆ. ಕೊಡಗಿನ ನೆರಳಿನಲ್ಲಿ ಕಾಂಕ್ರೀಟು ಒಂದೇ ಮಳೆಗಾಲಕ್ಕೆ ಪಾಚಿ ಕಟ್ಟಿ ಜಾರುತ್ತದೆ. ಅಂಚಿನಿಂದ ನೀರು ಅಡಿಗೆ ನುಗ್ಗಿ ಮಣ್ಣು ಕೊಚ್ಚಿದರೆ ಮೇಲಿನ ಹಲಗೆ ಒಡೆದು ಬೀಳುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಮೆಟ್ಟಿಲು ಬೇಕಾದ ಕಡೆ ಒರಟು ಮುಖ ಮೇಲಿರುವ ಕಾಡುಕಲ್ಲು ಬಳಸಿ. ಎತ್ತರ 6 ಇಂಚು, ಪಾದವಿಡುವ ಜಾಗ 14 ಇಂಚು. ಕೆಳಗಿನಿಂದ ಕಟ್ಟುತ್ತಾ ಬನ್ನಿ. ಮೇಲಿನ ಕಲ್ಲು ಕೆಳಗಿನ ಕಲ್ಲಿನ ಹಿಂಬದಿಯ ಮೇಲೆ 2 ಇಂಚಾದರೂ ಕೂತಿರಬೇಕು. ಪಾಚಿ ಕಂಡರೆ ತಂತಿ ಬ್ರಷ್‌ನಲ್ಲಿ ಉಜ್ಜಿ. ತೋಡಿನ ಹತ್ತಿರ ಬ್ಲೀಚಿಂಗ್ ಪುಡಿ ಬೇಡ.

ತೋಡು ದಾಟುವುದು

ತೋಡು ನೇರವಾಗಿ ಹರಿಯುವ, ದಡ ಗಟ್ಟಿಯಿರುವ, ತಳದಲ್ಲಿ ಬಂಡೆಯಿರುವ ಜಾಗ ಹುಡುಕಿ. ನೀರು ಕಡಿಮೆಯಿದ್ದರೆ ಮೆಟ್ಟುಕಲ್ಲು ಸಾಕು: ಮೇಲ್ಮೈ ಒಂದೂವರೆ ಅಡಿ ಅಗಲ, ಬೇಸಿಗೆ ನೀರಿಗಿಂತ 6 ಇಂಚು ಎತ್ತರ, ಕಲ್ಲಿನ ನಡುವಿನಿಂದ ನಡುವಿಗೆ 2 ಅಡಿ. ಅದಕ್ಕಿಂತ ಹತ್ತಿರ ಇಟ್ಟರೆ ಕಸ ಸಿಕ್ಕಿ ಅಣೆಕಟ್ಟಾಗುತ್ತದೆ, ದೂರ ಇಟ್ಟರೆ ಮಕ್ಕಳಿಗೆ ದಾಟಲಾಗದು. ಈ ಕಲ್ಲುಗಳನ್ನು ತೋಡಿನಿಂದಲೇ ಕೀಳಬೇಡಿ. ಆ ಕಲ್ಲುಗಳ ಅಡಿಯಲ್ಲಿ ಏಡಿ, ಮೀನುಮರಿ, ಗೊದಮೊಟ್ಟೆ ಇರುತ್ತವೆ.

ಸಂಕ ಹಾಕುವುದಾದರೆ ನೆರೆಯ ಗುರುತಿಗಿಂತ 2-3 ಅಡಿ ಮೇಲಿರಲಿ. ನೆರೆಯಲ್ಲಿ ಸಂಕವನ್ನು ಕೀಳುವುದು ಬರೀ ನೀರಲ್ಲ, ತೇಲಿ ಬಂದ ಮರದ ಕೊಂಬೆ. ಅಡಿಕೆ ಮರದ ಸಂಕ 10 ಅಡಿಯವರೆಗೆ ಸರಿ, ಆದರೆ ಒಂದೆರಡು ಮಳೆಗಾಲಕ್ಕೆ ಬದಲಿಸಬೇಕು. ಮರದ ತುದಿ ಮಣ್ಣಿನಲ್ಲಿ ಹೂತಿದ್ದರೆ ಅಲ್ಲಿಂದಲೇ ಕೊಳೆಯುತ್ತದೆ. ಎರಡೂ ಕಡೆ ಚಪ್ಪಟೆ ಕಲ್ಲಿನ ಮೇಲೆ ಕೂರಿಸಿ. ಮೇಲೆ ಕೋಳಿಗೂಡಿನ ತಂತಿ ಬಲೆ ಬಿಗಿದು ಹೊಡೆದರೆ ಕಾಲು ಜಾರುವುದಿಲ್ಲ. ಒಂದು ಬದಿಗಾದರೂ ಕೈಹಿಡಿ ಇರಲಿ. ಒಂದು ಉಪಾಯ: ಸಂಕದ ಒಂದು ತುದಿಯನ್ನು ಮಾತ್ರ ದಡದ ಮರಕ್ಕೆ ಗಟ್ಟಿ ಹಗ್ಗದಲ್ಲಿ ಕಟ್ಟಿ. ನೆರೆ ಎತ್ತಿದರೆ ಅದು ತಿರುಗಿ ದಡಕ್ಕೆ ಬಂದು ನಿಲ್ಲುತ್ತದೆ, ಎರಡೂ ಕಡೆ ಕಟ್ಟಿದರೆ ಕಸ ಹಿಡಿದು ಮುರಿಯುತ್ತದೆ.

ಸಣ್ಣ ಒರತೆ ದಾರಿಗೆ ಅಡ್ಡ ಬಂದಾಗ 6 ಇಂಚಿನ ಪೈಪ್ ಹಾಕಿ ಮಣ್ಣು ಮುಚ್ಚುವುದು ಸಾಮಾನ್ಯ ತಪ್ಪು. ಅದು ಎಲೆ ತುಂಬಿ ಕಟ್ಟಿ, ದಾರಿಯನ್ನೇ ಒಡೆಯುತ್ತದೆ. ಕಲ್ಲು ಹಾಸಿ ಮೇಲಿಂದಲೇ ಹರಿಯಲು ಬಿಡಿ.

ದಡದ ಗಿಡ, ಕೂರುವ ಜಾಗ

ದಾರಿ ಮತ್ತು ತೋಡಿನ ನಡುವಿನ ಗಿಡಗಂಟಿ ಹಾಗೆಯೇ ಇರಲಿ. ನೀರಿನ ಮೇಲೆ ಬಾಗಿದ ಎಲೆಗಳ ಮೇಲೆ ಮೊಟ್ಟೆಯಿಡುವ ಕಪ್ಪೆಗಳು ಪಶ್ಚಿಮ ಘಟ್ಟದಲ್ಲಿವೆ. ನೋಟಕ್ಕೆಂದು ಅದನ್ನೆಲ್ಲ ಸವರಿದರೆ ಅವುಗಳ ಸಂತತಿಯೇ ಹೋಯಿತು. ದಡ ಬರಿದಾಗಿದ್ದರೆ ಜೂನ್ ಮೊದಲ ಮಳೆಗೆ ಲಾವಂಚದ ಕಂತೆಗಳನ್ನು 6 ಇಂಚಿಗೊಂದರಂತೆ ಸಾಲಾಗಿ ನೆಡಿ. ಹಿಂದಿನ ಸಾಲಿಗೆ ಹೊಳೆಮತ್ತಿ, ನೇರಳೆ, ಹೊಂಗೆ. ಆನೆ ಓಡಾಡುವ ಕಡೆ ದಾರಿಯ ಪಕ್ಕ ಬಿದಿರು, ಹಲಸು ಹೊಸದಾಗಿ ನೆಡಬೇಡಿ.

ಬೆಂಚು, ಚಪ್ಪರ ಎಲ್ಲವೂ ನೆರೆಯ ಗುರುತಿನ ಮೇಲೆಯೇ. ಕುಶಾಲನಗರದ ಕಾವೇರಿ ನಿಸರ್ಗಧಾಮದಂಥ ದೊಡ್ಡ ತಾಣವನ್ನೇ ಹೊಳೆ ಉಕ್ಕಿದಾಗ ಮುಚ್ಚುತ್ತಾರೆ. ಬೆಂಚಿನಿಂದ ನಾಲ್ಕೂ ಕಡೆ 50 ಅಡಿಯಾದರೂ ಕಾಣಬೇಕು. ಕಸದ ಡಬ್ಬಿಯನ್ನು ದಾರಿಯ ಬಾಯಿಯಲ್ಲಿ ಮಾತ್ರ ಇಡಿ. ಒಳಗೆ ಇಟ್ಟರೆ ಮಂಗ ಚೆಲ್ಲುತ್ತದೆ, ಮಳೆ ತೋಡಿಗೆ ಸೇರಿಸುತ್ತದೆ.

ಡಿಸೆಂಬರಿನಿಂದ ಫೆಬ್ರುವರಿವರೆಗೆ ನೀರು ಕಂದಾಗಿ ಹುಳಿ ವಾಸನೆ ಬಂದರೆ ಮೇಲೆಲ್ಲೋ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರು ಬಿಡುತ್ತಿದ್ದಾರೆ ಎಂದರ್ಥ. ಅದು ನೀರಿನ ಆಮ್ಲಜನಕ ಹೀರಿ ಮೀನನ್ನು ಕೊಲ್ಲುತ್ತದೆ. ತೋಟದವರೊಂದಿಗೆ ಮೊದಲು ಮಾತಾಡಿ, ನಿಲ್ಲದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ.

ಯಾವಾಗ ಮುಚ್ಚಬೇಕು

ದಾಟುವ ಜಾಗದ ಬಂಡೆಗೆ ಮೊಣಕಾಲೆತ್ತರದಲ್ಲಿ ಕೆಂಪು ಬಣ್ಣದ ಗೆರೆ ಬಳಿಯಿರಿ. ನೀರು ಅದನ್ನು ಮುಟ್ಟಿದರೆ ದಾರಿ ಬಂದ್, ಯಾರು ಕೇಳಿದರೂ ಬಂದ್. ತಿಳಿಯಾಗಿದ್ದ ನೀರು ದಿಢೀರನೆ ಕೆಂಪಾಗಿ, ಹಸಿ ಎಲೆ ಕಡ್ಡಿ ತೇಲಿ ಬರತೊಡಗಿದರೆ ಮೇಲೆ ಮಳೆಯಾಗಿದೆ. ಆಗ ಸಾಮಾನು ಎತ್ತಿಕೊಳ್ಳಲೂ ನಿಲ್ಲದೆ ಮೇಲೆ ಹತ್ತಬೇಕು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡವೇ ಇಳಿದದ್ದನ್ನು ಈ ಜಿಲ್ಲೆ ಕಂಡಿದೆ. ಬರೆಯಲ್ಲಿ ಹೊಸ ಬಿರುಕು, ಒಂದೇ ಕಡೆ ವಾಲಿದ ಮರಗಳು, ಇಲ್ಲದ ಕಡೆ ಒಡೆದ ಜಲ, ಒರತೆಯಲ್ಲಿ ಕೆಸರು ಇವುಗಳಲ್ಲಿ ಒಂದು ಕಂಡರೂ ದಾರಿ ಮುಚ್ಚಿ, ಕೆಳಗಿನ ಮನೆಗಳಿಗೂ ಪಂಚಾಯಿತಿಗೂ ತಿಳಿಸಿ. ಆನೆಯ ಹಸಿ ಲದ್ದಿ ಕಂಡ ದಿನವೂ ಹಾಗೆಯೇ. ಸಂಜೆ 5ರಿಂದ ಬೆಳಗ್ಗೆ 8ರವರೆಗೆ ತೋಡಿನ ದಾರಿಯನ್ನು ಆನೆಗೇ ಬಿಡುವುದು ಸರಿ. ಕಾಲಿಗೆ ಗಾಯವಿರುವವರು ನಿಂತ ನೀರಿಗೆ ಇಳಿಯದಿರಲಿ, ಇಲಿಜ್ವರದ ಭಯವಿದೆ. ಜಿಗಣೆಗೆ ಉದ್ದನೆಯ ಕಾಲುಚೀಲ, ಹೊಗೆಸೊಪ್ಪಿನ ನೀರು ಸಾಕು.

ನಿಗಾ ಕೆಲಸ ವರ್ಷಕ್ಕೆ ಮೂರು ಸಲ. ಮೇ ಕೊನೆಗೆ ತಗ್ಗಿನ ಬಾಯಿಗಳನ್ನೆಲ್ಲ ಬಿಡಿಸಿ, ಸಂಕದ ಹಗ್ಗ ಎಳೆದು ನೋಡಿ. ಜುಲೈ ನಡುವೆ, ಮಳೆ ಬಿಡುವು ಕೊಟ್ಟ ದಿನ, ಒಬ್ಬರಲ್ಲ ಇಬ್ಬರು ಗುದ್ದಲಿ ಹಿಡಿದು ನಡೆದು, ಕಟ್ಟಿಕೊಂಡದ್ದನ್ನು ತೆಗೆಯಿರಿ. ಅಕ್ಟೋಬರಿನಲ್ಲಿ ಅಂಚಿನ ಬದು ಕೆರೆದು ಓರೆ ಸರಿಮಾಡಿ. ಒಂದೇ ಜಾಗ ಎರಡು ಮಳೆಗಾಲ ಕೊಚ್ಚಿಹೋದರೆ ಮೂರನೇ ಸಲ ಅಲ್ಲಿ ಕಲ್ಲು ಹೊರಬೇಡಿ, ದಾರಿಯನ್ನು ಹತ್ತು ಅಡಿ ಮೇಲಕ್ಕೆ ಒಯ್ಯಿರಿ.