ವ್ಯಾನಿನ ಆ್ಯಪ್ ಕನೆಕ್ಟ್ ಆಗ್ತಿಲ್ವಾ? ಮೊದಲು ಮೊಬೈಲ್ ಡೇಟಾ ಆಫ್ ಮಾಡಿ
ಕ್ಯಾಂಪರ್ ವ್ಯಾನಿನ (ಒಳಗೇ ಉಳಿಯಲು ಸಜ್ಜು ಮಾಡಿದ ಪ್ರವಾಸದ ವ್ಯಾನು) ಲೈಟು, ಫ್ಯಾನು, ನೀರಿನ ಪಂಪನ್ನು ಮೊಬೈಲ್‌ನಿಂದ ನಡೆಸುವವರು ಆ್ಯಪ್ ತೆರೆಯುವ ಮುಂಚೆ ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮಾತ್ರ ಇಟ್ಟುಕೊಳ್ಳಿ. ಕಂಟ್ರೋಲರ್, ಅಂದರೆ ಇವನ್ನೆಲ್ಲ ನಡೆಸುವ ವ್ಯಾನಿನೊಳಗಿನ ಪೆಟ್ಟಿಗೆ, ಕೊಡುವ ವೈಫೈಯಲ್ಲಿ ಸಾಮಾನ್ಯವಾಗಿ ಇಂಟರ್ನೆಟ್ ಇರುವುದಿಲ್ಲ. ಫೋನು ಅದನ್ನು ಕೆಲಸಕ್ಕೆ ಬಾರದ್ದು ಅಂದುಕೊಂಡು ತಾನೇ ಡೇಟಾಗೆ ಜಿಗಿಯುತ್ತದೆ, ಆ್ಯಪ್ ಸುಮ್ನೆ ಗಿರಗಿರ ತಿರುಗುತ್ತಿರುತ್ತದೆ. ವಿಜಯಪುರದ ಊರೊಳಗೆ ನಿಲ್ಲಿಸಿದಾಗ ನನಗೆ ಈ ಕಾಟ ಜಾಸ್ತಿ, ಸಿಗ್ನಲ್ ಜೋರು ಅಲ್ವಾ! ‘ಇಂಟರ್ನೆಟ್ ಇಲ್ಲ, ಆದರೂ ಕನೆಕ್ಟ್ ಆಗಿರಲೇ?’ ಅಂತ ಫೋನು ಕೇಳಿದರೆ ಹೌದು ಅನ್ನಿ. ಆದರೆ ಕ್ಲೌಡ್ ಮೂಲಕ, ಅಂದರೆ ಇಂಟರ್ನೆಟ್‌ನಲ್ಲಿರುವ ಸರ್ವರ್ ಮೂಲಕ ನಡೆಯುವ ಆ್ಯಪ್‌ಗಳಿಗೆ ಇದು ಉಲ್ಟಾ, ಡೇಟಾ ಆಫ್ ಆದರೆ ಅವು ಕೆಲಸ ಮಾಡುವುದೇ ಇಲ್ಲ. ಬ್ಲೂಟೂತ್‌ನಲ್ಲಿ ಬ್ಯಾಟರಿ ತೋರಿಸುವ ಆ್ಯಪ್‌ಗೂ ಈ ಉಪಾಯ ನಡೆಯದು. ಅಲ್ಲಿ ತೊಂದರೆ ಬೇರೆ: ಎಷ್ಟೋ ಬ್ಯಾಟರಿಗಳು ಒಂದು ಸಲಕ್ಕೆ ಒಂದೇ ಫೋನಿಗೆ ಸಿಗುತ್ತವೆ. ಮನೆಯವರ ಫೋನಿನಲ್ಲಿ ಅದೇ ಆ್ಯಪ್ ತೆರೆದಿದೆಯಾ ನೋಡಿ, ಮುಚ್ಚಿಸಿ. ಇನ್ನೊಂದು, ಪಂಪಿನ ಕೈ ಸ್ವಿಚ್ಚನ್ನು ಮಾತ್ರ ತೆಗೆಸಬೇಡಿ. ಬಾದಾಮಿ ಬಿಸಿಲಿನಲ್ಲಿ ಫೋನು ಕಾದು ಆಫ್ ಆದರೆ ಮುಖ ತೊಳೆಯಲೂ ನೀರಿರುವುದಿಲ್ಲ.