ಶೋಧ ಮತ್ತು ರಕ್ಷಣಾ ಶ್ವಾನ ತಂಡದಲ್ಲಿ ಸ್ವಯಂಸೇವಕರಾಗುವುದು ಹೇಗೆ?

ಕಾಡಿನಲ್ಲಿ ದಾರಿ ತಪ್ಪಿದವರನ್ನು, ಮರೆವಿನ ಕಾಯಿಲೆಯಿಂದ ಮನೆ ಬಿಟ್ಟು ಹೊರಟ ಹಿರಿಯರನ್ನು, ಕುಸಿದ ಕಟ್ಟಡದಡಿ ಸಿಲುಕಿದವರನ್ನು ಹುಡುಕುವ ಶ್ವಾನ ತಂಡಗಳು ಜಗತ್ತಿನ ಅನೇಕ ಕಡೆ ಸ್ವಯಂಸೇವಕರ ಬಲದಿಂದಲೇ ನಡೆಯುತ್ತವೆ. ಸೇರಬೇಕೆಂಬ ಆಸೆಯಿರುವ ಹಲವರು ತಮ್ಮ ಬಳಿ ತಕ್ಕ ನಾಯಿ ಇಲ್ಲವೆಂದು ಹಿಂಜರಿಯುತ್ತಾರೆ. ನಾಯಿ ಇರುವವರು ಮೊದಲ ದಿನವೇ ಅದನ್ನು ಕರೆದುಕೊಂಡು ಬಂದುಬಿಡುತ್ತಾರೆ. ಬರಿಗೈಯಲ್ಲಿ ಹೋಗಿ ಸೇರುವುದೇ ಸರಿಯಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ತಂಡವನ್ನು ಗುರುತಿಸಿಕೊಳ್ಳಬೇಕು. ಪೊಲೀಸರು ಅಥವಾ ವಿಪತ್ತು ನಿರ್ವಹಣೆಯ ಅಧಿಕಾರಿಗಳು ಕಾಣೆಯಾದವರ ಶೋಧಕ್ಕೆ ಯಾವ ತಂಡವನ್ನು ಕರೆಸುತ್ತಾರೆ ಎಂದು ವಿಚಾರಿಸಿದರೆ ದಾರಿ ತಿಳಿಯುತ್ತದೆ. ತರಬೇತಿಯನ್ನು ಒಂದೆರಡು ಬಾರಿ ನೋಡಲು ಅನುಮತಿ ಕೇಳಿ, ನಾಯಿಗಳ ಪರೀಕ್ಷೆಯನ್ನು ಯಾರು ನಡೆಸುತ್ತಾರೆ, ಸದಸ್ಯರಿಗೆ ವಿಮೆ ಇದೆಯೇ ಎಂಬುದನ್ನು ತಿಳಿದುಕೊಳ್ಳಿ. ಯಾರೂ ಕರೆಯದಿದ್ದರೂ ತಾನಾಗಿ ಶೋಧಕ್ಕೆ ನುಗ್ಗುವ ತಂಡದಿಂದ ದೂರವಿರುವುದು ಒಳ್ಳೆಯದು. ಅಂಥವರು ತುಳಿದಾಡಿದ ಜಾಗದಲ್ಲಿ ಬೇರೆ ನಾಯಿಗಳಿಗೆ ಕೆಲಸ ಮಾಡುವುದು ಕಷ್ಟವಾಗುತ್ತದೆ.

ಹೊಸಬರಿಗೆ ಸಿಗುವ ಮೊದಲ ಕೆಲಸ ಬಚ್ಚಿಟ್ಟುಕೊಳ್ಳುವುದು. ಕೇಳಲು ಇದು ಮಕ್ಕಳಾಟದಂತೆ ತೋರಬಹುದು, ಆದರೆ ನಾಯಿ ಕಲಿಯುವುದು ಬಹುಮಟ್ಟಿಗೆ ಬಚ್ಚಿಟ್ಟುಕೊಂಡವರಿಂದಲೇ. ನಾಯಿಯನ್ನು ನಡೆಸುವ ಹ್ಯಾಂಡ್ಲರ್ ಹೇಳಿದ ಪೊದೆಯ ಹಿಂದೆ ಅಥವಾ ಬಂಡೆಯ ಮರೆಯಲ್ಲಿ ಚಾಪೆ ಹಾಸಿಕೊಂಡು, ವಾಕಿಟಾಕಿಯ ಸದ್ದು ತಗ್ಗಿಸಿ, ಕೆಲವೊಮ್ಮೆ ಒಂದು ತಾಸಿಗೂ ಮೀರಿ ಅಲುಗಾಡದೆ ಕೂರಬೇಕಾಗುತ್ತದೆ. ನಾಯಿ ಬಂದು ಮೂಸಿದೊಡನೆ ಅದನ್ನು ಮುದ್ದಿಸಬಾರದು, ಅದರ ಕಣ್ಣನ್ನು ದಿಟ್ಟಿಸಲೂಬಾರದು. ಬೊಗಳಿ ಸುದ್ದಿ ಕೊಡಲು ಕಲಿಯುತ್ತಿರುವ ನಾಯಿಯಾದರೆ ಅದು ಬಿಡದೆ ಬೊಗಳುವವರೆಗೆ, ಹ್ಯಾಂಡ್ಲರ್ ಬಳಿಗೆ ಓಡಿ ಅವರನ್ನು ಕರೆತರಲು ಕಲಿಯುತ್ತಿರುವುದಾದರೆ ಅವರೊಂದಿಗೆ ಮರಳುವವರೆಗೆ ಕಾದು, ಆ ಕ್ಷಣದಲ್ಲೇ ಅಂಗಿಯೊಳಗೆ ಅಡಗಿಸಿದ್ದ ಆಟಿಕೆಯನ್ನು ಹೊರತೆಗೆದು ಮನಸಾರೆ ಆಡಿಸಬೇಕು. ಆಟಿಕೆ ಬೇಗ ಕೈಗೆ ಬಂದರೆ ಅರ್ಧ ಬೊಗಳಿದರೂ ಸಾಕೆಂದು ನಾಯಿ ಕಲಿಯುತ್ತದೆ. ಸಪ್ಪೆಯಾಗಿ ಆಡಿಸಿದರೆ ಮುಂದಿನ ಬಾರಿ ಹುಡುಕುವ ಹುಮ್ಮಸ್ಸೇ ಇಳಿಯುತ್ತದೆ. ಬ್ರಿಟನ್ನಿನ ಪರ್ವತ ರಕ್ಷಣಾ ಶ್ವಾನ ಸಂಘಗಳಲ್ಲಿ ಈ ಕೆಲಸಕ್ಕೆಂದೇ ಮಳೆ ಚಳಿ ಎನ್ನದೆ ಬರುವ ಸ್ವಯಂಸೇವಕರಿದ್ದಾರೆ. 2001ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ವಿಶ್ವ ವಾಣಿಜ್ಯ ಕೇಂದ್ರದ ಅವಶೇಷಗಳಲ್ಲಿ ದಿನವಿಡೀ ಹುಡುಕಿದರೂ ಜೀವಂತ ಮನುಷ್ಯರು ಸಿಗದೆ ನಾಯಿಗಳು ಸೋತಾಗ, ಅವುಗಳ ಉತ್ಸಾಹ ಉಳಿಸಲೆಂದು ರಕ್ಷಣಾ ಸಿಬ್ಬಂದಿಯೇ ಬಚ್ಚಿಟ್ಟುಕೊಂಡು ಸಿಕ್ಕಿಬೀಳುತ್ತಿದ್ದರು.

ಬಚ್ಚಿಟ್ಟುಕೊಂಡು ಕೂತಲ್ಲಿಂದಲೇ ಗಾಳಿಯ ಪಾಠವೂ ಆರಂಭವಾಗುತ್ತದೆ. ನಮ್ಮ ಮೈಯಿಂದ ಚರ್ಮದ ಸೂಕ್ಷ್ಮ ಕಣಗಳು ನಮ್ಮ ವಾಸನೆಯನ್ನು ಹೊತ್ತು ಸತತವಾಗಿ ಉದುರುತ್ತಿರುತ್ತವೆ. ಗಾಳಿಯಲ್ಲಿ ತೇಲುವ ಈ ವಾಸನೆ ಮೂಲದ ಬಳಿ ಕಿರಿದಾಗಿಯೂ ದೂರ ಹೋದಂತೆ ಅಗಲವಾಗಿಯೂ ಹರಡುತ್ತದೆ. ಗಾಳಿಯನ್ನು ಮೂಸಿ ಹುಡುಕುವ ನಾಯಿ ಈ ಹರವಿನ ಅಂಚನ್ನು ತಾಗಿದಾಗ ತಟ್ಟನೆ ತಲೆ ತಿರುಗಿಸುವುದನ್ನು ಗಮನಿಸಿ ನೋಡಿ. ಆದ್ದರಿಂದಲೇ ಹ್ಯಾಂಡ್ಲರ್ ಪುಡಿಯನ್ನು ಚಿಮುಕಿಸಿ ಗಾಳಿಯ ದಿಕ್ಕನ್ನು ಮತ್ತೆ ಮತ್ತೆ ನೋಡಿಕೊಂಡು, ಗಾಳಿಗೆ ಅಡ್ಡಲಾಗಿ ನಾಯಿಯನ್ನು ನಡೆಸುತ್ತಾರೆ. ಬೆಟ್ಟದ ಇಳಿಜಾರಿನಲ್ಲಿ ಬಿಸಿಲೇರಿದಾಗ ಗಾಳಿ ಮೇಲಕ್ಕೂ ರಾತ್ರಿ ತಂಪಾದಾಗ ಕೆಳಕ್ಕೂ ಹರಿಯುವುದರಿಂದ, ಯಾವ ಹೊತ್ತಿನಲ್ಲಿ ಎಲ್ಲಿಂದ ಹುಡುಕಬೇಕೆಂಬುದೂ ಬದಲಾಗುತ್ತದೆ. ಜಾಡು ಹಿಡಿಯುವ ನಾಯಿಯ ಬಗೆ ಬೇರೆ: ಅದಕ್ಕೆ ಕಾಣೆಯಾದವರ ಬಟ್ಟೆಯ ವಾಸನೆ ತೋರಿಸಬೇಕು. ಅವರೊಬ್ಬರೇ ಬಳಸಿದ ದಿಂಬಿನ ಹೊದಿಕೆ ಅಥವಾ ಕಾಲುಚೀಲವನ್ನು ಶುಚಿಯಾದ ಕೈಗವಸು ತೊಟ್ಟು ಎತ್ತಿ ಹೊಸ ಚೀಲಕ್ಕೆ ಹಾಕಬೇಕು; ಮನೆಯವರೆಲ್ಲ ಮುಟ್ಟಿದ ಬಟ್ಟೆ ನಾಯಿಯನ್ನು ಗೊಂದಲಕ್ಕೀಡು ಮಾಡುತ್ತದೆ.

ಮುಂದಿನ ಹಂತ ಹ್ಯಾಂಡ್ಲರ್ ಜೊತೆ ನಡೆಯುವ ಸಹಾಯಕರ ಕೆಲಸ. ಹ್ಯಾಂಡ್ಲರ್ ಕಣ್ಣು ನಾಯಿಯ ಮೇಲಿರುವುದರಿಂದ ನಕ್ಷೆ, ದಿಕ್ಸೂಚಿ, ಜಿಪಿಎಸ್, ವಾಕಿಟಾಕಿ ಎಲ್ಲವೂ ಸಹಾಯಕರ ಪಾಲಿಗೆ ಬರುತ್ತವೆ. ಎಲ್ಲಿ ಹುಡುಕಿ ಆಯಿತು, ಎಲ್ಲಿ ಮುಳ್ಳುಪೊದೆ ದಾಟಲಾಗದೆ ಬಿಟ್ಟುಹೋಯಿತು ಎಂಬುದನ್ನು ಅವರು ಪ್ರಾಮಾಣಿಕವಾಗಿ ಬರೆದಿಡಬೇಕು, ಏಕೆಂದರೆ ಬಿಟ್ಟ ಜಾಗವನ್ನು ಹುಡುಕಿದ್ದೇವೆಂದು ಗುರುತು ಹಾಕಿದರೆ ಅಲ್ಲಿಗೆ ಬೇರೆ ಯಾರನ್ನೂ ಕಳಿಸದೇ ಹೋಗಬಹುದು. ಪ್ರಥಮ ಚಿಕಿತ್ಸೆಯನ್ನು ಮನುಷ್ಯರಿಗೂ ನಾಯಿಗೂ ಕಲಿತಿರಬೇಕು.

ನಿಜವಾದ ಶೋಧದ ಕರೆ ಹೆಚ್ಚಾಗಿ ಅವೇಳೆಯಲ್ಲೇ ಬರುತ್ತದೆ. ನೀರು, ಆಹಾರ, ತಲೆದೀಪ, ಮಳೆಯಂಗಿ ತುಂಬಿದ ಚೀಲ ಬಾಗಿಲ ಬಳಿ ಸಿದ್ಧವಿರಲಿ. ನಿಮಗೆ ಒಪ್ಪಿಸಿದ ಜಾಗವನ್ನು ಬಿಟ್ಟು ಸ್ವಂತ ಊಹೆಯ ಬೆನ್ನು ಹತ್ತಬಾರದು, ಸ್ಥಳದ ಫೋಟೊವನ್ನು ಯಾರಿಗೂ ಕಳಿಸಬಾರದು. ಮನೆಯವರು ಆತಂಕದಿಂದ ಕೇಳಿದಾಗ ಸುಳ್ಳು ಭರವಸೆ ಕೊಡದೆ, ಮಾಹಿತಿ ಕೊಡಲು ನೇಮಿಸಿದವರ ಬಳಿಗೆ ಅವರನ್ನು ಮೆಲ್ಲಗೆ ಕರೆದೊಯ್ಯಿರಿ. ಹುಡುಕಿದವರು ಜೀವಂತವಾಗಿ ಸಿಗದ ದಿನಗಳೂ ಬರುತ್ತವೆ. ಅಂಥ ಶೋಧದ ನಂತರ ತಂಡ ಕೂತು ಮಾತನಾಡುವಾಗ ತಪ್ಪಿಸಿಕೊಂಡು ಮನೆಗೆ ಹೋಗಬೇಡಿ.

ಇಷ್ಟೆಲ್ಲ ಆದ ಮೇಲೂ ಸ್ವಂತ ನಾಯಿಯನ್ನು ತಯಾರು ಮಾಡುವ ಬಯಕೆ ಉಳಿದಿದ್ದರೆ, ಆಗ ತಂಡದ ತರಬೇತುದಾರರಿಗೆ ಅದನ್ನು ತೋರಿಸಿ. ತಳಿಗಿಂತ ಸ್ವಭಾವ ಮುಖ್ಯ: ಅಪರಿಚಿತರ ಜೊತೆ ಸ್ನೇಹದಿಂದಿರುವ, ಸದ್ದಿಗೆ ಬೆದರದ, ಹುಲ್ಲಿನಲ್ಲಿ ಕಳೆದ ಚೆಂಡನ್ನು ಕೈಬಿಡದೆ ಹುಡುಕುವ ನಾಯಿಯನ್ನು ಅವರು ಮೆಚ್ಚುತ್ತಾರೆ. ತರಬೇತಿಗೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ, ಉತ್ತೀರ್ಣವಾದ ನಾಯಿಯೂ ನಿಗದಿತ ಅವಧಿಗೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕಾಗುತ್ತದೆ. ನಿಮ್ಮ ನಾಯಿ ಈ ಕೆಲಸಕ್ಕೆ ಒಗ್ಗದೆಂದು ತರಬೇತುದಾರರು ಹೇಳಿದರೆ ಅದನ್ನು ಒಪ್ಪಿಕೊಂಡು, ನಕ್ಷೆ ಹಿಡಿದು ಬೇರೆಯವರ ನಾಯಿಯ ಹಿಂದೆ ನಡೆಯುವ ಕೆಲಸವನ್ನು ಮುಂದುವರಿಸಿ.